ರಿಪೇರಿ ದುಡ್ಡಿಗೆ ಹೊಸದೇ ಬರುತ್ತಲ್ವಾ?

ಹಾಸನದಲ್ಲಿ ನನ್ನದೊಂದು ಸಣ್ಣ ಅಂಗಡಿ. ಮಿಕ್ಸಿ, ಗ್ರೈಂಡರ್, ಫ್ಯಾನ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ಆಗಾಗ ವಾಷಿಂಗ್ ಮೆಷಿನ್ ರಿಪೇರಿ ಮಾಡುತ್ತೇನೆ. 19 ವರ್ಷ ಆಯಿತು. ದಿನಕ್ಕೆ ಒಬ್ಬರಾದರೂ ಸಾಮಾನು ಕೌಂಟರ್ ಮೇಲೆ ಇಟ್ಟು, ನಾನು ಸ್ಕ್ರೂಡ್ರೈವರ್ ಕೈಗೆ ತಗೊಳ್ಳುವ ಮೊದಲೇ ಕೇಳುತ್ತಾರೆ: "ಇದಕ್ಕೆ ಕೊಡೋ ದುಡ್ಡಿಗೆ ಹೊಸದೇ ಬರುತ್ತಲ್ವಾ?"

ಕೆಲವರಿಗೆ ನನ್ನ ಬಾಯಲ್ಲಿ ಇಲ್ಲ ಅಂತ ಬರಬೇಕು. ಕೆಲವರಿಗೆ ಹೂಂ ಅಂತ ಬರಬೇಕು. ಮೆಕ್ಯಾನಿಕ್ಕೇ ಹೇಳಿದ ಅಂತ ಮನೆಯಲ್ಲಿ ಹೇಳಿ ಹೊಸದು ತರಬಹುದಲ್ಲ! ಗಿರಾಕಿಗಳ ಮಧ್ಯೆ ಒಂದೇ ಮಾತಲ್ಲಿ ಹೇಳಿ ಕಳಿಸುತ್ತೇನೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೋದ ತಿಂಗಳು ದುದ್ದದ ಕಡೆಯ ಒಬ್ಬರು ಅಕ್ಕ ಗೊಬ್ಬರದ ಚೀಲದಲ್ಲಿ ಮಿಕ್ಸಿ ಸುತ್ತಿಕೊಂಡು ಬಂದರು. "ಸುಟ್ಟೋಗಿದೆ ಕಣಣ್ಣ. ಮಗ ಹೊಸದು ಆರ್ಡರ್ ಮಾಡ್ತೀನಿ ಅಂತಿದಾನೆ. ಒಂದ್ಸಲ ನೋಡಿಬಿಡು." ಮಿಕ್ಸಿಯನ್ನು ಬೋರಲು ಹಾಕಿದೆ. ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ, ಹುಣಸೆ ಬೀಜದಷ್ಟು. ಒತ್ತಿದೆ. ಪ್ಲಗ್ ಹಾಕಿದೆ. ಗರ್ರ್ ಅಂತು. ಅಷ್ಟೇ. ಜಾರಿನ ತುಂಬ ಅಕ್ಕಿ ಸುರಿದು ಗಟ್ಟಿಯಾಗಿ ರುಬ್ಬಿದರೆ ಮೋಟಾರಿಗೆ ಭಾರ ಬೀಳುತ್ತದೆ. ಸುಡುವ ಮೊದಲೇ ಆ ಸ್ವಿಚ್ಚು ಕರೆಂಟ್ ತಪ್ಪಿಸುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಗುಂಡಿ ಒತ್ತಿದರೆ ಮತ್ತೆ ಓಡುತ್ತದೆ. "ಎಷ್ಟು ಕೊಡ್ಲಿ?" ಅಂದರು. ಏನೂ ಬೇಡ ಅಂದೆ. ಆಗ ಅವರಿಗೆ ನನ್ನ ಮೇಲೇ ಅನುಮಾನ ಬಂತು. ಇನ್ನೊಂದು ಸಲ ಹಾಕಿ ತೋರಿಸು ಅಂದರು. ತೋರಿಸಿದೆ.

ಮಿಕ್ಸಿ ಬಗ್ಗೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಅದರ ಹುಟ್ಟೇ ಒಂದು ಕೆಟ್ಟುಹೋದ ಸಾಮಾನಿನಿಂದ ಆಯಿತು. 1960ರ ದಶಕದಲ್ಲಿ ಮುಂಬೈಯಲ್ಲಿ ಸತ್ಯಪ್ರಕಾಶ್ ಮಾಥುರ್ ಅನ್ನುವ ಎಂಜಿನಿಯರ್ ಇದ್ದರು. ಅವರ ಮನೆಯಲ್ಲಿದ್ದ ಜರ್ಮನಿಯ ಮಿಕ್ಸರ್ ಕೆಟ್ಟಿತು. ನಮ್ಮ ಅಡುಗೆಗೆ ತಡೆಯುವಂಥದ್ದನ್ನು ಅವರೇ ಮಾಡಲು ಹೊರಟರು. ಅದೇ ಸುಮೀತ್ ಮಿಕ್ಸಿ. ನಾನು ಕೆಲಸಕ್ಕೆ ಸೇರಿದಾಗಲೂ ಹಳೇ ಸುಮೀತ್‌ಗಳು ರಿಪೇರಿಗೆ ಬರುತ್ತಿದ್ದವು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ.

ಮಿಕ್ಸಿ ಒಳಗೆ ನೋಡಿದರೆ ಮಾಡಿದವರ ಬುದ್ಧಿ ಕಾಣುತ್ತದೆ. ಜಾರು ಕೂರುವ ಜಾಗದಲ್ಲಿ ಹಲ್ಲುಹಲ್ಲಾದ ಒಂದು ಬಿಲ್ಲೆ ಇದೆಯಲ್ಲ, ಅದು ಕಪ್ಲರ್. ಜಾರಿನೊಳಗೆ ಬ್ಲೇಡ್ ಸಿಕ್ಕಿಕೊಂಡರೆ ಯಾವುದೋ ಒಂದು ಮುರಿಯಲೇಬೇಕು. ಮೋಟಾರ್ ಸುಡಬಾರದು, ಬ್ಲೇಡ್ ಬಾಗಬಾರದು. ಅದಕ್ಕೇ ಈ ಬಿಲ್ಲೆ ತಾನು ಸವೆದು ಅವೆರಡನ್ನೂ ಉಳಿಸುತ್ತದೆ. ಬೆಲೆ 40 ರೂಪಾಯಿ. ಹಾಕಲು ಎರಡು ನಿಮಿಷ. (ಮನೆಯಲ್ಲೇ ಬಿಚ್ಚುವವರಿಗೆ ಒಂದು ಮಾತು: ಹೆಚ್ಚಿನ ಮಿಕ್ಸಿಗಳಲ್ಲಿ ಇದು ಉಲ್ಟಾ ತಿರುಪು. ಸಾಮಾನ್ಯ ಸ್ಕ್ರೂ ಬಿಗಿ ಮಾಡುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಇಕ್ಕಳ ಹಾಕಿ ಮುರಿದುಕೊಂಡು ಬರುವವರು ತಿಂಗಳಿಗೆ ಇಬ್ಬರು.) ಕಾರ್ಬನ್ ಬ್ರಷ್ ಕೂಡ ಹಾಗೆಯೇ. ಪೆನ್ಸಿಲ್ ಮೊಟಕಿನ ಹಾಗಿರುವ ಎರಡು ಇದ್ದಿಲ ತುಂಡು. ಸವೆಯುವುದೇ ಅವುಗಳ ಕೆಲಸ. ಮಿಕ್ಸಿ ಒಳಗೆ ಕಿಡಿ ಜಾಸ್ತಿ ಕಂಡರೆ, ಸುಟ್ಟ ವಾಸನೆ ಬಂದರೆ, ಮೊದಲು ನೋಡಬೇಕಾದ್ದು ಅದನ್ನೇ. ಕೂಲಿ ಸೇರಿ 160 ರೂಪಾಯಿ. ಈ ಎರಡಕ್ಕೆ ಯಾರಾದರೂ ಹೊಸ ಮಿಕ್ಸಿ ತಗೊಂಡರೆ ನನಗೆ ಹೊಟ್ಟೆ ಉರಿಯುತ್ತದೆ, ನನ್ನ 160 ಹೋಯಿತು ಅಂತ ಮಾತ್ರ ಅಲ್ಲ.

ಹಾಗಾದರೆ ಎಲ್ಲದಕ್ಕೂ ರಿಪೇರಿಯೇ ಸರಿಯಾ? ಇಲ್ಲ. 1,500 ರೂಪಾಯಿಯ ಅಗ್ಗದ ಮಿಕ್ಸಿಯಲ್ಲಿ ಆರ್ಮೇಚರ್, ಅಂದರೆ ಮೋಟಾರಿನೊಳಗೆ ತಿರುಗುವ ತಂತಿ ಸುತ್ತಿದ ಭಾಗ, ಸುಟ್ಟಿದ್ದರೆ, ಅದಕ್ಕೆ 700 ರೂಪಾಯಿ ಹಾಕು ಅಂತ ನಾನು ಹೇಳುವುದಿಲ್ಲ. ಎಷ್ಟೋ ಸಲ ತಂತಿ ತಾಮ್ರದ್ದೂ ಆಗಿರುವುದಿಲ್ಲ, ಅಲ್ಯೂಮಿನಿಯಂ ಇರುತ್ತದೆ. ಇವತ್ತು ಅದು, ನಾಳೆ ಬುಷ್, ನಾಡಿದ್ದು ಇನ್ನೊಂದು. ಮೂಗಿಗಿಂತ ಮೂಗುತಿ ಭಾರ. ಹಾಗೆ ಹೇಳಿದ ದಿನ ನನಗೆ ಸಂಪಾದನೆ ಇಲ್ಲ. ಆದರೆ ಅದೇ ಮನೆಯ ಫ್ಯಾನ್ ನನ್ನ ಹತ್ತಿರವೇ ಬರುತ್ತದೆ.

ಕೆಲಸ ಕಲಿಸಿದ ಸಾಹೇಬರು ಒಂದು ಅಭ್ಯಾಸ ಹಾಕಿದ್ದರು. ತೆಗೆದ ಹಳೇ ಪಾರ್ಟನ್ನು ಗಿರಾಕಿ ಕೈಗೆ ಕೊಡಬೇಕು. ಸವೆದ ಬ್ರಷ್, ಸುಟ್ಟ ಸ್ವಿಚ್ಚು, ಏನೇ ಆಗಲಿ. ಮನೆಗೆ ತಗೊಂಡು ಹೋಗಿ ಬಿಸಾಡಲಿ, ಆದರೆ ಕಣ್ಣಲ್ಲಿ ನೋಡಬೇಕು. ಬದಲಾಯಿಸದೇ ಬದಲಾಯಿಸಿದೆ ಅಂತ ದುಡ್ಡು ತಗೊಳ್ಳುವ ಆಸೆ ಯಾರಿಗೂ ಬರುತ್ತದೆ, ನನಗೂ ಬಂದಿದೆ. ಕೈಗೆ ಕೊಡಲೇಬೇಕು ಅಂದ ಮೇಲೆ ಆ ಆಸೆಗೆ ಜಾಗವೇ ಇರುವುದಿಲ್ಲ. ನಮ್ಮ ರಿಪೇರಿಯವರನ್ನು ಜನ ನಂಬದೇ ಇರುವುದಕ್ಕೆ ನಮ್ಮವರದೂ ಪಾಲಿದೆ. ಹೊಸದು ಕೊಳ್ಳುವುದು ಸುಲಭ ಅನ್ನಿಸಲು ಅರ್ಧ ಕಾರಣ ಈ ಅಪನಂಬಿಕೆಯೇ.

ಇನ್ನರ್ಧ ನಮ್ಮ ಕೈಯಲ್ಲಿಲ್ಲ. ಹೋದ ವರ್ಷ ಒಂದು ವಾಷಿಂಗ್ ಮೆಷಿನ್ ಬಂತು. ಮೂರು ವರ್ಷದ್ದು. ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ಹೋಗಿತ್ತು. ಬೋರ್ಡಿನ ಮೇಲೆ ಪೂರ್ತಿ ಗಟ್ಟಿ ಅಂಟು ಸುರಿದಿದ್ದರು, ಬೆಲ್ಲದ ಅಚ್ಚಿನ ಹಾಗೆ. ನೀರು, ಜಿರಲೆ, ಹಲ್ಲಿ ಒಳಗೆ ಹೋಗಬಾರದು ಅಂತ ಹಾಗೆ ಮಾಡುತ್ತಾರೆ. ಅದು ಸುಳ್ಳಲ್ಲ, ಹಲ್ಲಿ ಸತ್ತು ಹೋದ ಬೋರ್ಡುಗಳನ್ನು ನಾನೇ ಬೇಕಾದಷ್ಟು ನೋಡಿದ್ದೇನೆ. ಆದರೆ ಆ ಅಂಟಿನ ಅಡಿಯಲ್ಲಿ ಸುಟ್ಟಿದ್ದು ರೆಸಿಸ್ಟರ್ ಅನ್ನುವ ಎರಡು ರೂಪಾಯಿಯ ಒಂದು ಸಣ್ಣ ಪಾರ್ಟು. ಅಂಟಿಗೆ ಬಿಸಿಗಾಳಿ ಹಿಡಿದು, ಚೂಪು ಕಡ್ಡಿಯಲ್ಲಿ ಕೆರೆದು ಕೆರೆದು ಅರ್ಧ ದಿನ ಹೋಯಿತು. ಕೊನೆಗೆ ಬೋರ್ಡಿನ ಮೇಲೆ ಕರೆಂಟ್ ಹರಿಯುವ ತಾಮ್ರದ ಗೆರೆಯೇ ಕಿತ್ತು ಬಂತು. ಕಂಪನಿಗೆ ಫೋನ್ ಮಾಡಿದರೆ ಹೊಸ ಬೋರ್ಡು 4,500, ಅದೂ ಸ್ಟಾಕ್ ಇಲ್ಲ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಲ್ಲೂ ಸಿಗಲಿಲ್ಲ. ಅಲ್ಲಿ ಸಿಗದಿದ್ದರೆ ಮುಗಿಯಿತು ಅಂತ ಲೆಕ್ಕ. ಗಿರಾಕಿ ಹೊಸ ಮೆಷಿನ್ ತಗೊಂಡರು. ಗಟ್ಟಿಮುಟ್ಟಾದ ಮೋಟಾರು, ಡ್ರಮ್ಮು, ಎಲ್ಲಾ ಗುಜರಿಗೆ ಹೋಯಿತು.

ಇದಕ್ಕೇ ನನ್ನ ಉತ್ತರ ಇಷ್ಟು: ರಿಪೇರಿ ದುಡ್ಡಿಗೆ ಹೊಸದು ಬರುತ್ತದೋ ಇಲ್ಲವೋ ಅನ್ನುವುದು ನನ್ನ ಕೌಂಟರ್ ಮೇಲೆ ತೀರ್ಮಾನ ಆಗುವುದಿಲ್ಲ. ಫ್ಯಾಕ್ಟರಿಯಲ್ಲಿ ಸ್ಕ್ರೂ ಹಾಕಬೇಕಾ, ಅಂಟು ಹಾಕಬೇಕಾ ಅಂತ ಯೋಚಿಸಿದ ದಿನವೇ ಆಗಿರುತ್ತದೆ. ಕಪ್ಲರ್ ಮಾಡಿದವರು ಒಂದು ದಿನ ಇದು ಸವೆಯುತ್ತದೆ ಅಂತ ಒಪ್ಪಿಕೊಂಡು ಮಾಡಿದರು. ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಬಡ್ ಮಾಡುವವರಿಗೂ ಬ್ಯಾಟರಿ ಸಾಯುತ್ತದೆ ಅಂತ ಗೊತ್ತು. ಆದರೂ ಹೆಚ್ಚಿನವರು ಒಡೆಯದೇ ತೆಗೆಯಲಾಗದ ಹಾಗೆ ಅಂಟಿಸುತ್ತಾರೆ.

ಇದು ಹೊಸ ಕಥೆಯೂ ಅಲ್ಲ. 1924ರಲ್ಲಿ ಜಿನೀವಾದಲ್ಲಿ ದೊಡ್ಡ ಬಲ್ಬ್ ಕಂಪನಿಗಳೆಲ್ಲ ಸೇರಿ ಫೀಬಸ್ ಅನ್ನುವ ಒಂದು ಕೂಟ ಕಟ್ಟಿಕೊಂಡವು. ಬಲ್ಬಿನ ಆಯಸ್ಸು 1,000 ಗಂಟೆ ಅಂತ ಗೊತ್ತುಮಾಡಿದವು. ಅದಕ್ಕಿಂತ ಜಾಸ್ತಿ ಬಾಳುವ ಬಲ್ಬ್ ಮಾಡಿದ ಕಂಪನಿಗೆ ದಂಡ! ಜಾಸ್ತಿ ಬಾಳುವ ಬಲ್ಬಿಗೆ ಬೆಳಕು ಮಂಕು, ಕರೆಂಟ್ ಜಾಸ್ತಿ ಅಂತ ಒಂದು ವಾದ ಇದೆ, ಅದರಲ್ಲಿ ನಿಜವೂ ಇದೆ. ಆದರೆ ಬರೀ ಬೆಳಕಿನ ಕಾಳಜಿ ಇದ್ದವರು ದಂಡದ ಪಟ್ಟಿ ಮಾಡುತ್ತಿದ್ದರಾ?

ಒಮ್ಮೆ ಕಾಲೇಜು ಹುಡುಗರು ಒಂದು ಪ್ರಶ್ನೆಪಟ್ಟಿ ಹಿಡಿದು ಬಂದಿದ್ದರು. ನೀವು ಮಾಡ್ತಿರೋದು ಸರ್ಕ್ಯುಲರ್ ಎಕಾನಮಿ ಸರ್, ಅಂದ್ರೆ ಸಾಮಾನು ಬಿಸಾಡದೇ ಮತ್ತೆ ಮತ್ತೆ ಬಳಸೋದು ಅಂದರು. ಹೆಸರು ಚೆನ್ನಾಗಿದೆ ಅಂದೆ. ಅವರಲ್ಲೊಬ್ಬ, ಎಲ್ಲಾ ಗುಜರಿಗೆ ಹೋಗಿ ಮತ್ತೆ ಬಳಕೆ ಆಗುತ್ತಲ್ಲ, ರಿಪೇರಿ ಯಾಕೆ ಅಂದ. ಅವನಿಗೆ ಸುಟ್ಟ ಮೋಟಾರ್ ತೋರಿಸಿದೆ. ಗುಜರಿಯವನು ತಾಮ್ರ ಕಿತ್ತುಕೊಳ್ಳುತ್ತಾನೆ, ಕಬ್ಬಿಣ ಬೇರೆ ಮಾಡುತ್ತಾನೆ. ತಾಮ್ರ ಕರಗಿ ಮತ್ತೆ ತಂತಿ ಆಗಬಹುದು. ಆದರೆ ಅದನ್ನು ಸುತ್ತಿದ ಕೆಲಸ, ಬಿಗಿ ಮಾಡಿದ ಕೆಲಸ, ಅದಕ್ಕೆ ಸುಟ್ಟ ಕರೆಂಟು? ಅದೆಲ್ಲ ತೂಕಕ್ಕೆ ಬರುವುದಿಲ್ಲ. ಗುಜರಿ ಕೊನೆಯ ಬಾಗಿಲು. ಅದಕ್ಕಿಂತ ಮುಂಚೆ ನನ್ನದೊಂದು ಬಾಗಿಲಿದೆ.

ರಿಪೇರಿ ಮಾಡಲಾಗದ ಹಾಗೆ ಸಾಮಾನು ಮಾಡುವುದನ್ನು ಬೇರೆ ಕಡೆ ಸರಿಮಾಡಲು ಹೊರಟಿದ್ದಾರೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಮೊಬೈಲ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮೆಷಿನ್‌ ಮೇಲೆ ರಿಪೇರಿಯ ಅಂಕ ಹಾಕಬೇಕು ಅಂತ ಕಾನೂನು ಬಂತು. ಹತ್ತಕ್ಕೆ ಇಷ್ಟು ಅಂತ. ಬಿಚ್ಚುವುದು ಸುಲಭವಾ, ಪಾರ್ಟ್ ಸಿಗುತ್ತಾ, ಪಾರ್ಟಿನ ಬೆಲೆ ಎಷ್ಟು, ಇವೆಲ್ಲ ಲೆಕ್ಕ. ಅಂಕ ಹಾಕಿಕೊಳ್ಳುವವರು ಕಂಪನಿಯವರೇ ಅನ್ನುವುದು ನನಗೆ ಅಷ್ಟು ರುಚಿಸಲಿಲ್ಲ. ಆಸ್ಟ್ರಿಯಾದಲ್ಲಿ 2022ರಲ್ಲಿ ರಿಪೇರಿ ಬಿಲ್ಲಿನ ಅರ್ಧ, 200 ಯೂರೋವರೆಗೆ, ಸರ್ಕಾರವೇ ಕೊಡಲು ಶುರುಮಾಡಿತು. ನಮ್ಮಲ್ಲೂ 2022ರ ಡಿಸೆಂಬರ್ 24ರಂದು, ಗ್ರಾಹಕರ ದಿನ, ಕೇಂದ್ರ ಸರ್ಕಾರ ರೈಟ್ ಟು ರಿಪೇರ್ (ರಿಪೇರಿಯ ಹಕ್ಕು) ಪೋರ್ಟಲ್ ತೆರೆಯಿತು. ನೋಡಿದೆ. ಕಂಪನಿಗಳ ಸರ್ವಿಸ್ ಸೆಂಟರ್ ಹುಡುಕಲು ಗಿರಾಕಿಗೆ ಉಪಯೋಗ. ನನ್ನಂಥವನಿಗೆ ಬೇಕಾದ್ದು ಬೋರ್ಡಿನ ನಕ್ಷೆ ಮತ್ತು ಬಿಡಿ ಪಾರ್ಟು.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಫೇರ್‌ಫೋನ್ ಅಂತ ಒಂದು ಕಂಪನಿ ಇದೆ, 2013ರಲ್ಲಿ ಶುರುವಾದದ್ದು. ಅವರ ಫೋನಿನ ಬ್ಯಾಟರಿಯನ್ನು ಮನೆಯಲ್ಲೇ ಬದಲಾಯಿಸಬಹುದು, ಪರದೆಯನ್ನೂ ಒಂದು ಸ್ಕ್ರೂಡ್ರೈವರ್ ಇದ್ದರೆ ಹಾಕಿಕೊಳ್ಳಬಹುದು. ಬೆಲೆ ಮಾತ್ರ ಅಷ್ಟೇ ಗುಣದ ಬೇರೆ ಫೋನಿಗಿಂತ ಜಾಸ್ತಿ. ಒಳ್ಳೆಯದು ಅಗ್ಗವಾಗಿಯೂ ಇರುತ್ತದೆ ಅಂತ ನಾನು ಸುಮ್ನೆ ಹೇಳುವುದಿಲ್ಲ.

ಆದ್ದರಿಂದ ನನ್ನನ್ನು ಕೇಳುವ ಪ್ರಶ್ನೆಯನ್ನು ಮಾರುವ ಅಂಗಡಿಯಲ್ಲಿ ಕೇಳಿ. "ಇದರ ಜಾರಿನ ಕಪ್ಲರ್ ಹೊರಗೆ ಸಿಗುತ್ತಾ? ಬೋರ್ಡ್ ಹೋದ್ರೆ ಎಷ್ಟು? ಐದು ವರ್ಷ ಆದ್ಮೇಲೂ ಪಾರ್ಟ್ ಕೊಡ್ತೀರಾ?" ಸೇಲ್ಸ್ ಹುಡುಗ ತಲೆ ಕೆರೆದುಕೊಳ್ಳುತ್ತಾನೆ. ಪಾಪ, ಅವನಿಗೆ ಬಣ್ಣ ಮತ್ತು ವ್ಯಾಟ್ ಹೇಳಿಕೊಟ್ಟಿರುತ್ತಾರೆ. ನಾಲ್ಕು ಜನ ಕೇಳಿದರೆ ಮಾಲೀಕನನ್ನು ಕೇಳುತ್ತಾನೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಡಿಯಲ್ಲಿ ಸ್ಕ್ರೂ ಕಾಣುತ್ತಿದ್ದರೆ ನನಗೆ ಖುಷಿ.

ಇಷ್ಟೆಲ್ಲ ಬರೆದೆ. ನಮ್ಮನೆ ಮಿಕ್ಸಿ ಎರಡು ವಾರದಿಂದ ಕಿಡಿ ಹಾರಿಸುತ್ತಿದೆ. ಬ್ರಷ್ ತರುತ್ತೇನೆ ಅಂತ ದಿನಾ ಹೇಳಿ ದಿನಾ ಮರೆಯುತ್ತೇನೆ. ಇವತ್ತು ಬೆಳಿಗ್ಗೆ ಚಟ್ನಿ ಅರ್ಧಕ್ಕೆ ನಿಂತಾಗ ನಮ್ಮನೆಯವರು ಅಡುಗೆಮನೆಯಿಂದಲೇ ಕೂಗಿದರು: "ರೀ, ಹೊಸದೇ ತಗೊಂಡ್ರೆ ಆಗಲ್ವಾ?"