52 ನಿಮಿಷ, ಬರೆದಿಟ್ಟುಕೊಳ್ಳಿ

"ಚಾಮುಂಡಿ ಬೆಟ್ಟದ ಮೆಟ್ಟಿಲು ಎಷ್ಟು ನಿಮಿಷಕ್ಕೆ ಹತ್ತುತ್ತೀರಿ?" ಭಾನುವಾರ ಬೆಳಗ್ಗೆ ಬೆಟ್ಟದ ಪಾದದ ಕಡೆ ಹೊರಡುವವರನ್ನು ಇಡೀ ಮೈಸೂರು ಕೇಳುವ ಪ್ರಶ್ನೆ ಇದು. 52 ನಿಮಿಷ. ಇನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಯಾಕೆಂದರೆ ಕೇಳಿದವರಿಗೆ ಉತ್ತರ ಬೇಕಾಗಿರುವುದಿಲ್ಲ. ಅದನ್ನು ಸೋಲಿಸುವ ಸಂಖ್ಯೆಯೊಂದು ಅವರ ಬಾಯಲ್ಲಿ ಆಗಲೇ ಸಿದ್ಧವಾಗಿರುತ್ತದೆ. ಮೊನ್ನೆ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಭಾವ, "ಅಷ್ಟು ಹೊತ್ತೇ? ನಮ್ಮ ಹುಡುಗ 20 ನಿಮಿಷಕ್ಕೇ ಹತ್ತಿಬಿಡುತ್ತಾನೆ" ಎಂದರು. ಹುಡುಗನಿಗೆ 19 ವರ್ಷ. ನನಗೆ 56, ಎಡ ಮಂಡಿಯ ಮೇಲೆ ಹೊಲಿಗೆಯ ಗುರುತು ಬೇರೆ. ಭಾವ ಬೆಟ್ಟಕ್ಕೆ ಹೋಗುವುದು ಕಾರಿನಲ್ಲಿ. ಚಿರೋಟಿಗೆ ಬಾದಾಮಿ ಹಾಲು ಹಾಕಿಸಿಕೊಳ್ಳುತ್ತಾ ಸುಮ್ಮನಿದ್ದೆ. ಈಗ ಹೇಳುತ್ತೇನೆ: ಆ ಹುಡುಗನ ಕಾಲು ಕೊಡಿಸಿ ಭಾವ, 18ಕ್ಕೆ ಹತ್ತಿ ತೋರಿಸುತ್ತೇನೆ.

ಮಂಡಿಯ ಶಸ್ತ್ರಚಿಕಿತ್ಸೆ ಆದ ಮೇಲೆ ಮೊದಲ ಸಲ ಹೋದಾಗ ನೂರು ಮೆಟ್ಟಿಲಿಗೇ ಕುಳಿತುಬಿಟ್ಟೆ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ್ದು ಸಾವಿರ ಮೆಟ್ಟಿಲು. ಇನ್ನೂ ಒಂಬೈನೂರು ಬಾಕಿ. ಆಗ ಕೆಳಗಿನಿಂದ ಹರಕೆಯ ಹೆಂಗಸೊಬ್ಬರು ಬಂದರು, ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ. "ಸ್ವಲ್ಪ ಕಾಲು ಎತ್ತಿ ಅಣ್ಣಾ" ಎಂದರು. ಎತ್ತಿದೆ. ಹಚ್ಚಿ, ನನ್ನನ್ನು ದಾಟಿ ಹೋದರು. ಅವರನ್ನು ಯಾರೂ ಎಷ್ಟು ನಿಮಿಷ ಎಂದು ಕೇಳುವುದಿಲ್ಲ, ಗಮನಿಸಿ.

ಏಳುನೂರನೆಯ ಮೆಟ್ಟಿಲಿನ ಹತ್ತಿರದ ನಂದಿಯನ್ನು ಮುಟ್ಟಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಹಾಗೆಂದು ಗಡಿಯಾರ ಬಿಟ್ಟ ವಿರಾಗಿಯೇನೂ ಅಲ್ಲ ನಾನು. ಯುಗಾದಿಯ ಹೊತ್ತಿಗೆ 55 ಇತ್ತು. 52 ಆದ ದಿನ ಮನೆಯಲ್ಲಿ ಯಾರಿಗೂ ಹೇಳದೆ ಎರಡು ಮಸಾಲೆ ದೋಸೆ ತಿಂದೆ.

ಅದಿರಲಿ, ಇಳಿಯುವುದು ಹೇಗೆ ಎಂದು ಯಾಕೆ ಒಬ್ಬರೂ ಕೇಳುವುದಿಲ್ಲ? ಕೆಟ್ಟ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ; ಹೆಜ್ಜೆ ಹೆಜ್ಜೆಗೂ ಬೀಳುವ ಮೈಭಾರವನ್ನು ಅದು ಬಗ್ಗಿಕೊಂಡೇ ತಡೆಯಬೇಕು. ಮೊದಲೆಲ್ಲ ಹತ್ತಿದ ಮೇಲೆ ಬಸ್ಸಿನಲ್ಲಿ ಇಳಿಯುತ್ತಿದ್ದೆ. ಈಗ ಮೇಲಿನಿಂದ ನಂದಿಯವರೆಗಿನ ಮುನ್ನೂರು ಮೆಟ್ಟಿಲನ್ನು ಅಡ್ಡಡ್ಡ, ಏಡಿಯ ಹಾಗೆ ಇಳಿಯುತ್ತೇನೆ. ಅಲ್ಲಿಗೆ ಮಗಳು ಸ್ಕೂಟರ್ ತರುತ್ತಾಳೆ. ಎಷ್ಟು ನಿಮಿಷ ಎಂದು ಅವಳೂ ಕೇಳುವುದಿಲ್ಲ. "ಇಳಿಯಲು ಶುರು ಮಾಡಿದಾಗ ಫೋನ್ ಮಾಡಿ ಅಪ್ಪಾ, ಆಮೇಲೆ ಹಾಸಿಗೆಯಿಂದ ಏಳುತ್ತೇನೆ" ಎನ್ನುತ್ತಾಳೆ.