ಗೋಡೆಗೆ ತಾಗದ ತಲೆ

ಯಾರೋ ಪಕ್ಕದಿಂದ ತೆಗೆದ ಫೋಟೋ ನೋಡಿ ಬೇಜಾರಾಯಿತು. ಬೆನ್ನು ಗೂನು, ಭುಜ ಎರಡೂ ಮುಂದಕ್ಕೆ, ಕತ್ತು ಮಾತ್ರ ಚಿಪ್ಪಿನಿಂದ ಹೊರಬಂದ ಆಮೆಯ ಹಾಗೆ. ಅದು ನಾನೇ!

ಅವತ್ತು ರಾತ್ರಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಸೊಂಟದ ಕೆಳಗೆ ತಾಗಿತು, ಬೆನ್ನು ತಾಗಿತು, ತಲೆ ತಾಗಲಿಲ್ಲ. ತಾಗಿಸೋಕೆ ಹೋದರೆ ಗದ್ದ ಮೇಲೆದ್ದು ಕಣ್ಣು ಸೂರು ನೋಡುತ್ತಿತ್ತು. ತಲೆಗೂ ಗೋಡೆಗೂ ನಡುವೆ ನನ್ನ ಮುಷ್ಟಿ ಹಿಡಿಸುವಷ್ಟು ಜಾಗ.

ಚಿಕ್ಕಂದಿನಿಂದ ಕೇಳಿದ್ದು ಒಂದೇ ಮಾತು, "ನೆಟ್ಟಗೆ ಕೂತ್ಕೋ". ಸರಿ, ಎದೆ ಸೆಟೆಸಿಕೊಂಡು ಕೋಲು ನುಂಗಿದವರ ಹಾಗೆ ಕೂತೆ. ಐದು ನಿಮಿಷ ಅಷ್ಟೇ. ಕೆಲಸದ ಕಡೆ ಗಮನ ಹೋದ ತಕ್ಷಣ ಮತ್ತೆ ಅದೇ ಗೂನು. ಒಂದು ವಾರ ಈ ಹಟ ಹಿಡಿದಿದ್ದಕ್ಕೆ ಸೊಂಟ ನೋವು ಬಂತು, ಬೆನ್ನೇನೂ ನೆಟ್ಟಗಾಗಲಿಲ್ಲ.

ಆಮೇಲೆ ಅರ್ಥವಾಯಿತು, ಕತ್ತು ಕಣ್ಣಿನ ಹಿಂದೆ ಹೋಗುತ್ತದೆ, ಕಣ್ಣು ಸ್ಕ್ರೀನಿನ ಹಿಂದೆ. ಲ್ಯಾಪ್‌ಟಾಪು ಮೇಜಿನ ಮೇಲೆ ತಗ್ಗಿನಲ್ಲಿದ್ದರೆ ನೀವೆಷ್ಟೇ ಹಟ ಮಾಡಿದರೂ ತಲೆ ಅಲ್ಲಿಗೇ ಬಾಗುತ್ತದೆ. ತಲೆ ಅಂದರೆ ಸುಮಾರು 5 ಕೆಜಿ ತೂಕ. ತುಂಬಿದ ಬಕೆಟನ್ನು ಮೈಗೆ ಒತ್ತಿ ಹಿಡಿಯೋದಕ್ಕೂ ಕೈ ಚಾಚಿ ಹಿಡಿಯೋದಕ್ಕೂ ವ್ಯತ್ಯಾಸ ಇದೆ ಅಲ್ವಾ, ಹಾಗೇ ತಲೆ ಮುಂದಕ್ಕೆ ಹೋದಷ್ಟೂ ಕತ್ತಿನ ಹಿಂದಿನ ಸ್ನಾಯುಗಳು ಜಾಸ್ತಿ ಎಳೆದು ಹಿಡಿಯಬೇಕು, ಇಡೀ ದಿನ. ಸಂಜೆ ಕತ್ತು ಹಿಡಿದುಕೊಳ್ಳೋದು ಸುಮ್ನೆ ಅಲ್ಲ.

ನಾಲ್ಕು ದಪ್ಪ ಪುಸ್ತಕ ಪೇರಿಸಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು. ಕೀಬೋರ್ಡ್ ಬೇರೆ ಬೇಕೇ ಬೇಕು, ಇಲ್ಲದಿದ್ದರೆ ಭುಜ ಎತ್ತಿಕೊಂಡು ಟೈಪ್ ಮಾಡಬೇಕಾಗುತ್ತದೆ.

ವ್ಯಾಯಾಮದಲ್ಲಿ ನನಗೆ ಹಿಡಿಸಿದ್ದು ಚಿನ್ ಟಕ್. ಗದ್ದವನ್ನು ಕೆಳಕ್ಕೆ ಬಗ್ಗಿಸಬಾರದು, ಡ್ರಾಯರ್ ಮುಚ್ಚುವ ಹಾಗೆ ನೇರ ಹಿಂದಕ್ಕೆ ತಳ್ಳಬೇಕು. ಕನ್ನಡಿಯಲ್ಲಿ ಗದ್ದದ ಕೆಳಗೆ ಇನ್ನೊಂದು ಗದ್ದ ಕಂಡಿತೋ, ಸರಿಯಾಗಿ ಮಾಡುತ್ತಿದ್ದೀರಿ ಅಂತಲೇ. ನೋಡೋಕೆ ಚೆನ್ನಾಗಿರಲ್ಲ, ಬಾಗಿಲು ಹಾಕಿಕೊಂಡು ಮಾಡಿ. 5 ಸೆಕೆಂಡ್ ಹಿಡಿದು ಬಿಡೋದು, 10 ಸಲ. ಆಮೇಲೆ ಗೋಡೆಗೆ ಒರಗಿ, ಮೊಣಕೈ ಮಡಚಿ, ಕೈಗಳನ್ನು ಗೋಡೆಯ ಮೇಲೇ ಮೇಲೆ ಕೆಳಗೆ ಜಾರಿಸೋದು. ಸುಲಭ ಅನ್ನಿಸುತ್ತದೆ, ಮಾಡಿ ನೋಡಿ, ಭುಜದ ಹಿಂದೆ ಉರಿ ಹತ್ತುತ್ತದೆ. ನೋವಿನ ಜೊತೆ ಕೈ ಜೋಮು ಹಿಡಿಯುತ್ತಿದ್ದರೆ ಮಾತ್ರ ಇದೆಲ್ಲ ಬಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.

ಇನ್ನು, ಎಷ್ಟೇ ಚೆನ್ನಾಗಿ ಕೂತರೂ ಒಂದೇ ಭಂಗಿಯಲ್ಲಿ ಎರಡು ಗಂಟೆ ಕೂತರೆ ಮೈ ಹಿಡಿದುಕೊಳ್ಳುತ್ತದೆ. ಅದಕ್ಕೇ ದೊಡ್ಡ ನೀರಿನ ಬಾಟಲಿ ಬಿಟ್ಟು ಸಣ್ಣ ಲೋಟ ಇಟ್ಟುಕೊಂಡಿದ್ದೇನೆ. ಲೋಟ ಖಾಲಿಯಾದರೆ ಏಳಲೇಬೇಕು. ಅಲಾರಂ ಇಟ್ಟು ನೋಡಿದ್ದೆ, ಎರಡೇ ದಿನಕ್ಕೆ ಅದನ್ನು ಬೈದು ಆಫ್ ಮಾಡಿದೆ.

ಮೂರು ತಿಂಗಳಾಯಿತು. ಗೋಡೆಯ ಹತ್ತಿರ ಈಗ ಮುಷ್ಟಿ ಹಿಡಿಸಲ್ಲ. ಎರಡು ಬೆರಳು ಇನ್ನೂ ತೂರುತ್ತವೆ.