ಪಾಸ್‌ವರ್ಡ್ ತಾನಾಗಿ ತುಂಬದ ಆ ಪುಟ

ಹೋದ ಆಗಸ್ಟ್. ಸಾಗರದಲ್ಲಿ ಬಿಡದೆ ಮಳೆ. ಕರೆಂಟ್ ಹೋಗಿ ಎರಡು ಗಂಟೆಯಾಗಿತ್ತು. ಫೋನಿನಲ್ಲಿ ನೆಟ್‌ವರ್ಕ್ ಒಂದೇ ಕಡ್ಡಿ. ನಾನು ಮನೆಯಲ್ಲೇ ಕೂತು ವಿದೇಶದ ಒಂದು ಕಂಪನಿಗೆ ಸಬ್‌ಟೈಟಲ್ ಅನುವಾದ ಮಾಡುತ್ತೇನೆ. ಹಣ ಪೇಪಾಲ್ ಎಂಬ ಆನ್‌ಲೈನ್ ಪಾವತಿ ಸೇವೆಯ ಮೂಲಕ ಬರುತ್ತದೆ. ಆ ತಿಂಗಳ 180 ಡಾಲರ್ ಇನ್ನೂ ಬಂದಿರಲಿಲ್ಲ. ಮಗಳ ಶಾಲೆಯ ಫೀಸಿನ ಕಂತು ಕಟ್ಟಬೇಕಿತ್ತು. ಆಗಲೇ ಪೇಪಾಲ್ ಹೆಸರಿನಲ್ಲಿ ಒಂದು ಮೇಲ್ ಬಂತು.

ನಿಮ್ಮ ಖಾತೆಗೆ ನಿರ್ಬಂಧ ಹಾಕಲಾಗಿದೆ, 24 ಗಂಟೆಯೊಳಗೆ ವಿವರ ಖಚಿತಪಡಿಸದಿದ್ದರೆ ನಿಮಗೆ ಬರಬೇಕಾದ ಹಣ ಕಳಿಸಿದವರಿಗೇ ವಾಪಸ್ ಹೋಗುತ್ತದೆ ಎಂದು ಅದರಲ್ಲಿತ್ತು. ಒಳ್ಳೆಯ ಇಂಗ್ಲಿಷು. ಒಂದು ಸ್ಪೆಲಿಂಗ್ ತಪ್ಪೂ ಇರಲಿಲ್ಲ. ಅದೇ ನೀಲಿ ಬಣ್ಣ, ಅದೇ ಲೋಗೊ. ಕಳ್ಳ ಮೇಲ್‌ಗಳಲ್ಲಿ ಭಾಷೆ ಕೆಟ್ಟದಾಗಿರುತ್ತದೆ ಎಂದು ನಾನು ಅಂದುಕೊಂಡಿದ್ದೆ. ಆ ಕಾಲ ಹೋಯಿತು.

ನಾನು ಲಿಂಕ್ ಒತ್ತಿದೆ. ಲಾಗಿನ್ ಪುಟ ತೆರೆಯಿತು. ದಿನವೂ ನನ್ನ ಫೋನ್ ಪಾಸ್‌ವರ್ಡನ್ನು ತಾನೇ ತುಂಬುತ್ತದೆ. ಆ ಸಂಜೆ ತುಂಬಲಿಲ್ಲ. ನೆಟ್‌ವರ್ಕ್ ಸರಿಯಿಲ್ಲ, ಅದಕ್ಕೇ ಹೀಗಾಗಿದೆ ಎಂದುಕೊಂಡು ಕೈಯಾರೆ ಟೈಪ್ ಮಾಡಿದೆ. ಮುಂದಿನ ಪುಟದಲ್ಲಿ ಡೆಬಿಟ್ ಕಾರ್ಡ್ ನಂಬರ್ ಕೇಳಿತು, ಅದರ ಕೆಳಗೇ ಎಟಿಎಂ ಪಿನ್. ಅಲ್ಲಿ ನನ್ನ ಕೈ ನಿಂತಿತು. ಅತ್ತಿಗೆಗೆ ಫೋನ್ ಮಾಡಿದೆ. ಅವರು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ.

"ಪಿನ್ ಹಾಕಿದ್ಯಾ?"

"ಇಲ್ಲ ಅತ್ತಿಗೆ. ಪಾಸ್‌ವರ್ಡ್ ಮಾತ್ರ."

"ಆ ಪುಟ ಮುಚ್ಚು. ಪೇಪಾಲ್ ಆಪ್ ತೆಗೆದು ಈಗಲೇ ಪಾಸ್‌ವರ್ಡ್ ಬದಲಿಸು. ಮೇಲ್‌ಗೂ ಅದೇ ಪಾಸ್‌ವರ್ಡ್ ಇಟ್ಟಿದೀಯಾ?"

ಇಟ್ಟಿದ್ದೆ. ಒಂದು ಮಾತೂ ಬೈಯದೆ, ಎರಡನ್ನೂ ಬದಲಿಸುವವರೆಗೆ ಅವರು ಫೋನ್ ಇಡಲಿಲ್ಲ. ಪಾಸ್‌ವರ್ಡ್ ಜೊತೆ ಒಂದು ಕೋಡನ್ನೂ ಕೇಳುವ ಎರಡು ಹಂತದ ಪರಿಶೀಲನೆಯನ್ನೂ ಅವತ್ತೇ ಹಾಕಿಸಿದರು. ಆಪ್ ಒಳಗೆ ನೋಡಿದರೆ ನಿರ್ಬಂಧದ ಸುದ್ದಿಯೇ ಇರಲಿಲ್ಲ.

ಫೋನ್ ಯಾಕೆ ಪಾಸ್‌ವರ್ಡ್ ತುಂಬಲಿಲ್ಲ ಎಂಬುದು ಆಮೇಲೆ ಅರ್ಥವಾಯಿತು. ಪಾಸ್‌ವರ್ಡ್ ಉಳಿಸಿಟ್ಟು ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ಲೋಗೊ ನೋಡುವುದಿಲ್ಲ, ಬಣ್ಣ ನೋಡುವುದಿಲ್ಲ. ಪುಟದ ವೆಬ್ ವಿಳಾಸ ಮಾತ್ರ ನೋಡುತ್ತದೆ. ನಾನು ಪಾಸ್‌ವರ್ಡ್ ಉಳಿಸಿದ್ದ ವಿಳಾಸ ಅದಾಗಿರಲಿಲ್ಲ, ಹಾಗಾಗಿ ಸುಮ್ಮನಿತ್ತು. ನನಗಿಂತ ಮೊದಲೇ ಅದಕ್ಕೆ ಗೊತ್ತಾಗಿತ್ತು. ಈಗ ಅದು ತುಂಬದಿದ್ದರೆ ನಾನೂ ತುಂಬುವುದಿಲ್ಲ.

ಕಣ್ಣನ್ನು ನಂಬುವುದು ಕಷ್ಟ. 2000ನೇ ಇಸವಿಯಲ್ಲೇ ಪೇಪಾಲ್ ಹೆಸರಿನ ಕೊನೆಯ ಸಣ್ಣ ಎಲ್ ಜಾಗಕ್ಕೆ ಐ ಹಾಕಿ ನಕಲಿ ತಾಣ ಮಾಡಿದ್ದರು. ಐ ಅಕ್ಷರವನ್ನು ದೊಡ್ಡದಾಗಿ ಬರೆದರೆ ಎರಡೂ ಒಂದೇ ಗೆರೆಯ ಹಾಗೆ ಕಾಣುತ್ತವೆ. 2005ರಲ್ಲಿ ಸಂಶೋಧಕರು ರಷ್ಯನ್ ಭಾಷೆ ಬರೆಯುವ ಸಿರಿಲಿಕ್ ಲಿಪಿಯ ಎ ಅಕ್ಷರ ಸೇರಿಸಿ ಅದೇ ಹೆಸರಿನ ಹಾಗೆ ಕಾಣುವ ವಿಳಾಸ ಮಾಡಿ ತೋರಿಸಿದರು. ಎಷ್ಟು ದಿಟ್ಟಿಸಿದರೂ ಆ ವ್ಯತ್ಯಾಸ ಕಾಣದು.

ಆದರೂ ವಿಳಾಸ ಓದುವುದನ್ನು ಕಲಿಯಬೇಕು, ಎಷ್ಟೋ ಸಲ ಅದೇ ಸಾಕಾಗುತ್ತದೆ. ನಾನು ಅಮ್ಮನಿಗೆ ಹೇಳಿಕೊಟ್ಟಿದ್ದು ಹೀಗೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ? ದುಡ್ಡು ಕೊಟ್ಟರೋ, ಕೊಡಲಿಲ್ಲವೋ, ಕೊನೆಯವರೆಗೆ ಕೇಳಿದರೇ ಗೊತ್ತಾಗುವುದು. ವೆಬ್ ವಿಳಾಸವೂ ಹಾಗೇ. ಶುರುವಿನ ಜೋಡಿ ಓರೆಗೆರೆ (//) ಬಿಟ್ಟುಬಿಡಿ. ಆಮೇಲೆ ಮೊದಲು ಸಿಗುವ ಒಂಟಿ ಓರೆಗೆರೆಯವರೆಗೆ ಓದಿ. ಆ ಗೆರೆಯ ಎಡಗಡೆ ಕೊನೆಗೆ ಇರುವುದು ಮಾಲೀಕರ ಹೆಸರು. 'ಪೇಪಾಲ್ ಡಾಟ್ ಕಾಮ್ ಡಾಟ್ ಇನ್ನೇನೋ ಡಾಟ್ ಇನ್ಫೋ' ಅಂತಿದ್ದರೆ ಆ ಮನೆ 'ಇನ್ನೇನೋ' ಅನ್ನುವವರದ್ದು. ಅದಕ್ಕೂ ಎಡಗಡೆ ಯಾರ ಹೆಸರು ಬೇಕಾದರೂ ಬರೆದುಕೊಳ್ಳಬಹುದು. ಪಕ್ಕದಲ್ಲಿ ಬೀಗದ ಚಿತ್ರ ಇದೆ ಎಂದು ನಂಬಬೇಡಿ. ಕಳ್ಳರ ತಾಣಕ್ಕೂ ಬೀಗ ಸಿಗುತ್ತದೆ. ಫೋನಿನಲ್ಲಿ ಲಿಂಕನ್ನು ಒತ್ತಿ ಹಿಡಿದರೆ ಪೂರ್ತಿ ವಿಳಾಸ ಕಾಣುತ್ತದೆ.

ಇಷ್ಟೆಲ್ಲ ಕಲಿತ ಮೇಲೂ ಮೋಸ ಹೋಗುವ ಇನ್ನೊಂದು ಬಗೆ ಇದೆ. ನನಗೆ ಜಾಸ್ತಿ ಭಯ ಅದರದ್ದೇ. ಕಳ್ಳರು ನಿಜವಾದ ಪೇಪಾಲ್‌ನಲ್ಲೇ ಖಾತೆ ತೆರೆದು ನಿಮಗೆ ಇನ್‌ವಾಯ್ಸ್, ಅಂದರೆ ಹಣ ಕೇಳುವ ಬಿಲ್, ಕಳಿಸುತ್ತಾರೆ. ಆ ಮೇಲ್ ನಿಜವಾಗಿಯೂ ಪೇಪಾಲ್‌ನಿಂದಲೇ ಬರುತ್ತದೆ, ವಿಳಾಸವೂ ಸರಿ, ಲಿಂಕೂ ಸರಿ. ವಿಷ ಇರುವುದು ಅವರು ಬರೆದ ಟಿಪ್ಪಣಿಯಲ್ಲಿ. ಇಷ್ಟು ಡಾಲರ್ ಕಡಿತವಾಗಲಿದೆ, ಇದು ನೀವು ಕೊಂಡದ್ದಲ್ಲವಾದರೆ ಈ ನಂಬರಿಗೆ ಕರೆ ಮಾಡಿ ಎಂದಿರುತ್ತದೆ. ಕರೆ ಮಾಡಿದರೆ ತುಂಬಾ ಮರ್ಯಾದೆಯಿಂದ ಮಾತಾಡಿ, ನಿಮ್ಮ ಸ್ಕ್ರೀನ್ ಅವರಿಗೆ ಕಾಣುವಂಥ ಆಪ್ ಹಾಕಿಸುತ್ತಾರೆ. ಅಂಥ ಇನ್‌ವಾಯ್ಸಿಗೆ ಹಣ ಕಟ್ಟಬೇಡಿ, ಆ ನಂಬರಿಗೆ ಕರೆಯನ್ನೂ ಮಾಡಬೇಡಿ. ಇನ್‌ವಾಯ್ಸ್ ಬಂದ ಮಾತ್ರಕ್ಕೆ ಹಣ ಹೋಗುವುದಿಲ್ಲ. ನೀವು ಕೊಟ್ಟರೆ ಮಾತ್ರ ಹೋಗುತ್ತದೆ.

ನಮ್ಮ ದೇಶದಲ್ಲಿ ಪೇಪಾಲ್ ಬಳಸುವವರಿಗೆ ಇನ್ನೆರಡು ಗುರುತು ಹೇಳುತ್ತೇನೆ. ಹೊರದೇಶದಿಂದ ಬಂದ ಹಣ ಇಲ್ಲಿ ದಿನಕ್ಕೊಮ್ಮೆ ತಾನಾಗಿ ನಮ್ಮ ಬ್ಯಾಂಕ್ ಖಾತೆಗೆ ಹೋಗುತ್ತದೆ. ನಿಮ್ಮ ಪೇಪಾಲ್ ಬ್ಯಾಲೆನ್ಸಿನಿಂದ ಏನೋ ಖರೀದಿಯಾಗಿದೆ ಎಂದು ಯಾರಾದರೂ ಬರೆದರೆ ಅನುಮಾನ ಪಡಿ. ಭಾರತದ ಒಳಗಿನ ಪಾವತಿಯನ್ನಂತೂ ಅವರು 2021ರ ಏಪ್ರಿಲ್ 1ರಿಂದ ನಿಲ್ಲಿಸಿದ್ದಾರೆ. ಬೆಂಗಳೂರಿನ ಅಂಗಡಿಗೆ ಪೇಪಾಲ್‌ನಿಂದ ದುಡ್ಡು ಕೊಟ್ಟಿದ್ದೀರಿ ಎನ್ನುವ ಮೇಲ್ ಸುಳ್ಳು.

ಹಣ ಹೋಗಿಯೇಬಿಟ್ಟರೆ? ನಾಚಿಕೆಯಿಂದ ಸುಮ್ಮನಿರಬೇಡಿ, ದಯವಿಟ್ಟು. ತಕ್ಷಣ ಬ್ಯಾಂಕಿಗೆ ಹೇಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಾವೇ ಪಾಸ್‌ವರ್ಡ್ ಅಥವಾ ಪಿನ್ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದ್ದು. ಯಾರು ಏನಂದುಕೊಳ್ಳುತ್ತಾರೋ ಎಂದು ರಾತ್ರಿಯೆಲ್ಲ ಕೂತರೆ ಆ ರಾತ್ರಿಯ ನಷ್ಟ ನಮ್ಮ ಮೇಲೆಯೇ ಬೀಳುತ್ತದೆ. ಅವತ್ತು ಅತ್ತಿಗೆ ಬೈದಿದ್ದರೆ ನಾನು ಮುಂದಿನ ಸಲ ಫೋನ್ ಮಾಡುವ ಮುಂಚೆ ಯೋಚಿಸುತ್ತಿದ್ದೆ.

ನನ್ನ 180 ಡಾಲರ್ ಮೂರು ದಿನ ಬಿಟ್ಟು ಬಂತು. ನಮ್ಮ ಫ್ರಿಜ್ ಬಾಗಿಲಿನ ಮೇಲೆ ಗ್ಯಾಸ್ ಬುಕ್ ಮಾಡುವ ನಂಬರಿನ ಪಕ್ಕ ಈಗ 1930 ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಅಮ್ಮನಿಗೆ ಕನ್ನಡಕ ಇಲ್ಲದೆಯೂ ಕಾಣಬೇಕು, ಅಷ್ಟು ದೊಡ್ಡದು.